ಯಾದವಗಿರಿಯ ಶಬ್ದಶಾಲೆ

ಮೈಸೂರನ್ನು ನೋಡಲು ಬರುವ ಯಾತ್ರಿಕರು ಅರಮನೆ, ಚಾಮುಂಡಿಬೆಟ್ಟ, ಮೃಗಾಲಯ ಇವುಗಳನ್ನು ಸುತ್ತಿ, ಸಾಯಂಕಾಲ ಕನ್ನಂಬಾಡಿಯ ಬೃಂದಾವನವನ್ನು ಕಂಡು, ಮಲ್ಲಿಗೆಯನ್ನೂ ಮೈಸೂರುಪಾಕನ್ನೂ ಕೊಂಡು ಹಿಂದಿರುಗುವುದು ವಾಡಿಕೆ. ರೈಲುನಿಲ್ದಾಣಕ್ಕೆ ಅನತಿದೂರದಲ್ಲಿ, ಯಾದವಗಿರಿಯೆಂಬ ಬಡಾವಣೆಯಲ್ಲಿ, ಕಣ್ಣಿಗೆ ಅಷ್ಟೇನೂ ವಿಶೇಷವೆನಿಸದ, ಆದರೆ ಕಿವಿಗೆ ತೀರ್ಥಕ್ಷೇತ್ರವೆನ್ನತಕ್ಕ ಸ್ಥಳವೊಂದಿರುವುದು ಅವರಲ್ಲಿ ಬಹುಮಂದಿಗೆ ತಿಳಿಯದು. ಅದು ಆಕಾಶವಾಣಿಯ ನಿಲಯ. ನಮ್ಮ ಮನೆಗಳಲ್ಲಿ ಬೆಳಗಿನ ಕಾಫಿಯೊಡನೆ ಕೇಳಿಬರುತ್ತಿದ್ದ ವಾರ್ತೆ, ನಾಟಕ, ರಾತ್ರಿಯ ಸಂಗೀತ ಕಚೇರಿ ಇವುಗಳ ಹಿಂದೆ ಯಾರ ಕೈಗಳು ದುಡಿಯುತ್ತವೆ, ಆ ಕೈಗಳನ್ನು ನಡೆಸುವವರು ಯಾರು ಎಂಬ ಕುತೂಹಲ ನನಗೆ ಬಹುಕಾಲದಿಂದ ಇದ್ದಿತು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ ಅದನ್ನು ತೀರಿಸಿಕೊಳ್ಳಲು ಅವಕಾಶ ದೊರೆಯಿತು. ಆಕಾಶವಾಣಿಯ ಅನೇಕ ನಿಲಯಗಳಲ್ಲಿ ಧ್ವನಿವಿಭಾಗದ ಎಂಜಿನಿಯರುಗಳ ಮೇಲ್ವಿಚಾರಕರಾಗಿ ದುಡಿದು, ನನ್ನಂತೆಯೇ ನಿವೃತ್ತರಾಗಿರುವ ಮಿತ್ರರೊಬ್ಬರು ಮಾಘಮಾಸದ ಒಂದು ಬೆಳಗ್ಗೆ ನನ್ನನ್ನು ಅಲ್ಲಿಗೆ ಕರೆದೊಯ್ದರು. ಅಂದು ಕಂಡುದನ್ನೂ, ಅವರ ಬಾಯಿಂದ ಕೇಳಿದುದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ನಿಲಯದ ಹುಟ್ಟು ಒಂದು ಗೃಹಸ್ಥರ ಮನೆಯಲ್ಲಾಯಿತು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ|| ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ, ಈಗಿನ ನಿಲಯಕ್ಕೆ ಕೂಗಳತೆಯಲ್ಲಿದ್ದ ತಮ್ಮ 'ವಿಠ್ಠಲ ವಿಹಾರ'ದಿಂದ ೩೦ ವ್ಯಾಟ್ ಶಕ್ತಿಯ ಪುಟ್ಟ ಯಂತ್ರವೊಂದರ ಮೂಲಕ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಹಿಂದೆ ನಮ್ಮ ನಡುಮನೆಗಳಲ್ಲಿ ಉರಿಯುತ್ತಿದ್ದ ೬೦ ವ್ಯಾಟಿನ ಬಲ್ಬಿನ ಅರ್ಧದಷ್ಟು ಶಕ್ತಿ ಅದು! ಅಷ್ಟು ಶಕ್ತಿಯಿಂದ ಊರಿನವರಿಗೆ ಸಂಗೀತವನ್ನೂ ಸಾಹಿತ್ಯವನ್ನೂ ಹಂಚಬಹುದೆಂದು ಅವರು ತೋರಿಸಿಕೊಟ್ಟರು. ತಮ್ಮ ಪ್ರಸಾರಕ್ಕೆ ಅವರು ಇಟ್ಟ ಹೆಸರು 'ಆಕಾಶವಾಣಿ'. ಪ್ರಾಧ್ಯಾಪಕರು ಕೈಯಿಂದ ಹಣ ಹಾಕಿ ಕೆಲವು ವರ್ಷ ನಡೆಸಿದ ಈ ನಿಲಯವು ಬಳಿಕ ಸಾರ್ವಜನಿಕರ ಸ್ವತ್ತಾಗಿ, ೧೯೫೦ರಲ್ಲಿ ಅಖಿಲ ಭಾರತದ ಬಾನುಲಿ ಸಂಸ್ಥೆಗೆ ಸೇರಿತು. ಮನೆ ಚಿಕ್ಕದಾದರೂ ಹೆಸರು ಚಿಕ್ಕದಾಗಿರಲಿಲ್ಲ. ೧೯೫೭ರಿಂದ ದೇಶದ ಬಾನುಲಿಗೆಲ್ಲ ಅದೇ ಹೆಸರಾಯಿತು. ೨೦೨೩ರಲ್ಲಿ ಇಂಗ್ಲಿಷ್ ಹೆಸರನ್ನು ಬಿಟ್ಟು ಇದೊಂದನ್ನೇ ಬಳಸತಕ್ಕದ್ದೆಂದು ನಿರ್ಧಾರವೂ ಆಯಿತು. ಮೈಸೂರಿನ ಮೇಷ್ಟರೊಬ್ಬರು ತಮ್ಮ ಮನೆಯ ಕೂಸಿಗಿಟ್ಟ ಹೆಸರು ದೇಶದ ಹೆಸರಾದುದನ್ನು ನೆನೆದರೆ, ನನ್ನಂತಹ ಹಳೆಯ ಮೇಷ್ಟರಿಗೆ ಸಂತೋಷವಾಗುವುದು ಸಹಜವಷ್ಟೆ.

ಸಂಸ್ಕೃತವನ್ನು ಓದಿದವರಿಗೆ ಈ ಹೆಸರಿನಲ್ಲಿ ಇನ್ನೊಂದು ಸ್ವಾರಸ್ಯವುಂಟು. ನ್ಯಾಯವೈಶೇಷಿಕರ ಮತದಲ್ಲಿ ಶಬ್ದವು ಆಕಾಶದ ಗುಣ. ಅದು ಹುಟ್ಟಿದೆಡೆಯಿಂದ ಕಿವಿಯವರೆಗೆ ಹೇಗೆ ಬರುತ್ತದೆಂಬುದನ್ನು ವಿವರಿಸಲು ಅವರು ಎರಡು ದೃಷ್ಟಾಂತಗಳನ್ನು ಕೊಡುತ್ತಾರೆ. ಕೊಳದಲ್ಲಿ ಒಂದು ಅಲೆ ಇನ್ನೊಂದನ್ನು ಹುಟ್ಟಿಸುತ್ತ ದಡ ಸೇರುವಂತೆ ಎಂಬುದು ವೀಚೀತರಂಗ ನ್ಯಾಯ. ಕದಂಬದ ಮೊಗ್ಗು ಎಲ್ಲ ದಿಕ್ಕಿಗೂ ಒಮ್ಮೆಗೇ ಅರಳುವಂತೆ ಎಂಬುದು ಕದಂಬಮುಕುಲ ನ್ಯಾಯ. ಇಂದಿನ ಭೌತಶಾಸ್ತ್ರವು ಶಬ್ದಕ್ಕೆ ಗಾಳಿಯೋ ನೀರೋ ಗೋಡೆಯೋ ಆಧಾರವಾಗಿ ಬೇಕೆಂದೂ, ಬರಿಯ ಆಕಾಶದಲ್ಲಿ ಅದು ಸಾಗದೆಂದೂ ಹೇಳುತ್ತದೆ. ಬಾನುಲಿಯಲ್ಲಿ ಆಕಾಶವನ್ನು ದಾಟುವುದು ಶಬ್ದವಲ್ಲ. ಶಬ್ದದ ಆಕಾರವನ್ನು ಹೊತ್ತ ವಿದ್ಯುತ್ಕಾಂತ ತರಂಗ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರು ನಡೆದರೆ, ಈ ತರಂಗವು ಸೆಕೆಂಡಿಗೆ ೩ ಲಕ್ಷ ಕಿಲೋಮೀಟರು ಓಡುತ್ತದೆ. ಆದುದರಿಂದ ಹಿಂದಿನ ನೇರಪ್ರಸಾರದಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಸಭಾಂಗಣದಲ್ಲಿ ಗಾಯಕರಿಂದ ೩೪ ಮೀಟರು ದೂರ ಕುಳಿತವನಿಗೆ ಹಾಡು ಮುಟ್ಟಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ೬೦೦ ಕಿಲೋಮೀಟರು ಆಚೆಯ ಹಳ್ಳಿಯ ರೇಡಿಯೋವನ್ನು ತರಂಗ ಮುಟ್ಟಲು ಸೆಕೆಂಡಿನ ಐನೂರನೆಯ ಒಂದು ಭಾಗ ಸಾಕು. ಸಭೆಯಲ್ಲಿದ್ದವನಿಗಿಂತ ಹಳ್ಳಿಯಲ್ಲಿದ್ದವನೇ ಮುಂಚೆ ಕೇಳುತ್ತಿದ್ದ! ಪ್ರಸಾರವು ಉಪಗ್ರಹದ ಮೂಲಕ ಸಾಗುವಾಗ ಮಾತ್ರ ಸುಮಾರು ೩೬,೦೦೦ ಕಿಲೋಮೀಟರು ಮೇಲಕ್ಕೇರಿ ಅಷ್ಟೇ ದೂರ ಕೆಳಗಿಳಿಯಬೇಕಾದುದರಿಂದ, ಸೆಕೆಂಡಿನ ಕಾಲುಭಾಗ ತಡವಾಗುತ್ತದೆ.

ನಿಲಯದ ಒಳಗೆ ಹೋದೆವು. ಇಂತಹ ನಿಲಯಗಳ ಧ್ವನಿಶಾಲೆಗಳೆಲ್ಲ ಬಹುಮಟ್ಟಿಗೆ ಒಂದೇ ಕ್ರಮದಲ್ಲಿ ಕಟ್ಟಲ್ಪಟ್ಟವು. ಒಂದು ಬಾಗಿಲನ್ನು ದಾಟಿದರೆ ಸಣ್ಣ ಕಿರುಕೋಣೆ, ಅದರಾಚೆ ಮತ್ತೊಂದು ದಪ್ಪ ಬಾಗಿಲು. ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ನಮ್ಮಲ್ಲಿ ಮಡಿಯುಟ್ಟವರು ಒಳಗೆ ಹೋಗುವಾಗ ಮೈಲಿಗೆ ಸೋಕದಂತೆ ಎಚ್ಚರ ವಹಿಸುವ ಹಾಗೆ, ಇಲ್ಲಿ ಹೊರಗಿನ ಸದ್ದು ಸೋಕದಂತೆ ಎಚ್ಚರ. ಗೋಡೆಗಳಿಗೆ ಸಣ್ಣ ರಂಧ್ರಗಳ ಹಲಗೆ, ಅದರ ಹಿಂದೆ ಶಬ್ದವನ್ನು ಹೀರುವ ನಾರಿನ ಹಾಸು. ಕಿಟಕಿಗೆ ಎರಡು ಗಾಜು. ಅವೂ ಪರಸ್ಪರ ಸಮಾನಾಂತರವಾಗಿರದೆ ಒಂದು ತುಸು ವಾಲಿಕೊಂಡಿರುತ್ತದೆ. ಒಳಗೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ತಟ್ಟಿದಲ್ಲಿಯೇ ಸಾಯುತ್ತದೆ. ಕಲ್ಲಿನ ಮಂಟಪದಲ್ಲಿ ಘಂಟಾನಾದವು ಹಲವು ಸೆಕೆಂಡುಗಳವರೆಗೆ ಅನುರಣಿಸುವುದನ್ನು ನಾವೆಲ್ಲ ಕೇಳಿದ್ದೇವೆ. ಭಾಷಣದ ಕೋಣೆಯಲ್ಲಿ ಆ ಅನುರಣನವನ್ನು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟಕ್ಕೆ ಇಳಿಸುತ್ತಾರೆ. ಸಂಗೀತದ ಕೋಣೆಯಲ್ಲಿ ಇನ್ನಷ್ಟು ಉಳಿಸುತ್ತಾರೆ. ಏಕೆಂದರೆ ಮಾತಿಗೆ ಸ್ಪಷ್ಟತೆ ಮುಖ್ಯ, ಹಾಡಿಗೆ ಅಲ್ಪಸ್ವಲ್ಪ ನೆರಳೂ ಬೇಕು.

ಅಲ್ಲಿದ್ದ ಮೈಕಿನ ಮುಂದೆ ನಿಂತು ನನ್ನ ಮಿತ್ರರು ಹೇಳಿದ ಮಾತು ನನ್ನನ್ನು ಪಾಠಶಾಲೆಗೇ ಕರೆದೊಯ್ದಿತು. "ಮೇಷ್ಟ್ರೇ, ನೀವು ಮಕ್ಕಳಿಗೆ ವರ್ಣಮಾಲೆ ಕಲಿಸಿದಿರಿ. ನಾವೂ ಹೊಸ ಹುಡುಗರಿಗೆ ಮೊದಲು ಕಲಿಸುವುದು ಅದನ್ನೇ" ಎಂದರು. ಅವರು ವಿವರಿಸಿದುದು ಹೀಗೆ. ಪವರ್ಗದ ಅಕ್ಷರಗಳನ್ನು ಉಚ್ಚರಿಸುವಾಗ ತುಟಿಗಳು ಕೂಡಿ ಬಿಡುವುದರಿಂದ ಉಸಿರು ಒಮ್ಮೆಲೇ ಹೊರಹೊಮ್ಮುತ್ತದೆ. ಮಹಾಪ್ರಾಣವಾದರಂತೂ ಹೇಳತಕ್ಕದ್ದೇ ಇಲ್ಲ. 'ಫಲ' ಎಂದೊಡನೆ ಆ ಉಸಿರು ಮೈಕಿನ ಪೊರೆಯನ್ನು ಗುದ್ದಿ, ಕೇಳುವವರ ಮನೆಯಲ್ಲಿ ದೊಪ್ಪನೆ ಏನೋ ಬಿದ್ದಂತಾಗುತ್ತದೆ. ಹಾಗೆಂದು ಮಾತನಾಡುವವರಿಗೆ ಮಹಾಪ್ರಾಣವನ್ನು ಬಿಟ್ಟುಬಿಡಿರೆಂದು ಹೇಳಲಾದೀತೆ? ಮೈಕನ್ನೇ ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ಸರಿಸಬೇಕು. ಶ, ಷ, ಸಗಳ ಕಥೆ ಬೇರೆ. ಅವುಗಳ ಜೀವವಿರುವುದು ಅತಿ ಸೂಕ್ಷ್ಮವಾದ ಕಂಪನಗಳಲ್ಲಿ. ಮಧ್ಯಮತರಂಗದ ಪ್ರಸಾರದಲ್ಲಿ ಸೆಕೆಂಡಿಗೆ ಸುಮಾರು ೫,೦೦೦ಕ್ಕಿಂತ ಹೆಚ್ಚಿನ ಕಂಪನಗಳು ಉಳಿಯುವುದಿಲ್ಲ; ಎಫ್.ಎಂ. ಪ್ರಸಾರದಲ್ಲಿ ೧೫,೦೦೦ದವರೆಗೆ ಉಳಿಯುತ್ತವೆ. ಆದುದರಿಂದ ಹಳೆಯ ರೇಡಿಯೋದಲ್ಲಿ ಸಕಾರವು ಮಂಕಾಗಿಯೂ ಎಫ್.ಎಂ.ನಲ್ಲಿ ಚುರುಕಾಗಿಯೂ ಕೇಳಿಸುವುದು ನಮ್ಮ ಕಿವಿಯ ಭ್ರಮೆಯಲ್ಲ. ವೇದಾಂಗಗಳಲ್ಲಿ ಮೊದಲು ಎಣಿಸಲ್ಪಡುವ ಶಿಕ್ಷಾಶಾಸ್ತ್ರವು ಅಕ್ಷರಕ್ಕೆ ಸ್ಥಾನ, ಪ್ರಯತ್ನ, ಮಾತ್ರೆ, ಬಲ ಇವುಗಳನ್ನು ಹೇಳಿ ತಿದ್ದುತ್ತದೆ. ಆ ಶಾಸ್ತ್ರವನ್ನು ಓದದ ಎಂಜಿನಿಯರುಗಳು ಅದೇ ವಿಷಯವನ್ನು ಗಾಜಿನ ಕಿಟಕಿಯ ಈಚೆ ಕುಳಿತು ದಿನವೂ ಅಭ್ಯಾಸಮಾಡುತ್ತಾರೆ.

ಕಿಟಕಿಯ ಈಚೆಗಿರುವ ಕಂಟ್ರೋಲ್ ರೂಮಿನಲ್ಲಿ ಮಿಕ್ಸರ್ ಎಂಬ ಮೇಜು. ಅದರ ಮೇಲೆ ಒಂದೊಂದು ಮೈಕಿಗೆ ಒಂದೊಂದರಂತೆ ಫೇಡರುಗಳು. ಎದುರಿಗೆ ಧ್ವನಿಯ ಪ್ರಮಾಣವನ್ನು ತೋರಿಸುವ ಮಾಪಕ. ಧ್ವನಿ ಮೇರೆ ಮೀರಿದರೆ ಒಡೆದು ಕರ್ಕಶವಾಗುತ್ತದೆ. ತೀರ ಇಳಿದರೆ ಯಂತ್ರದ ಗುಂಯ್‌ಗುಡುವಿಕೆಯಲ್ಲಿ ಮುಳುಗುತ್ತದೆ. ಇವೆರಡರ ನಡುವೆ ಅದನ್ನು ನಡೆಸುವುದು ಮೇಜಿನ ಮುಂದಿರುವವನ ಕೆಲಸ. ಇಲ್ಲಿಂದ ಧ್ವನಿಯು ತಂತಿಯ ಮೂಲಕವೋ ಸೂಕ್ಷ್ಮತರಂಗದ ಮೂಲಕವೋ ಪ್ರಸಾರಯಂತ್ರಕ್ಕೆ ಹೋಗುತ್ತದೆ. ಕಳುಹಿಸಿದುದನ್ನು ಕೇಳಿ ತೃಪ್ತಿಪಡುವುದು ಇಲ್ಲಿನ ಪದ್ಧತಿಯಲ್ಲ. ಗಾಳಿಯಲ್ಲಿ ಹೋಗಿ ರೇಡಿಯೋದಲ್ಲಿ ಮರಳಿ ಬಂದುದನ್ನು ಕೇಳಬೇಕು. ವಿದ್ಯುತ್ತು ಹೋದರೆ ಡೀಸೆಲ್ ಯಂತ್ರ, ಒಂದು ದಾರಿ ಕಡಿದರೆ ಇನ್ನೊಂದು ದಾರಿ, ಹೀಗೆ ಪ್ರತಿಯೊಂದಕ್ಕೂ ಒಂದು ಆಪದ್ಬಂಧು ಉಂಟು. ಪ್ರಸಾರವು ಕೆಲವೇ ಸೆಕೆಂಡು ನಿಂತರೂ ಅದನ್ನು ಕಾರಣಸಹಿತ ಲಾಗ್ ಪುಸ್ತಕದಲ್ಲಿ ಬರೆಯಬೇಕು.

ಇವೆಲ್ಲದರ ಮೇಲ್ವಿಚಾರಣೆಯೆಂದರೇನು? ಹೊರಗಿನವರು ಅದನ್ನು ಯಂತ್ರಗಳ ಮೇಲ್ವಿಚಾರಣೆಯೆಂದು ತಿಳಿಯುತ್ತಾರೆ. ನನ್ನ ಮಿತ್ರರ ಮಾತಿನಲ್ಲಿ ಅದು ಮುಕ್ಕಾಲು ಪಾಲು ಮನುಷ್ಯರ ಮೇಲ್ವಿಚಾರಣೆ. ಬೆಳಗ್ಗೆ ಆರರ ಸುಮಾರಿಗೆ ಊರು ಆ ಪರಿಚಿತವಾದ ಆರಂಭದ ನಾದವನ್ನು ಕೇಳಬೇಕಾದರೆ, ಯಾರೋ ಒಬ್ಬರು ನಾಲ್ಕೂವರೆಗೆ ಎದ್ದು ಚಳಿಯಲ್ಲಿ ಬಂದಿರಬೇಕು. ಯೂರೋಪಿನಿಂದ ಆಶ್ರಯವನ್ನರಸಿ ಮುಂಬಯಿಗೆ ಬಂದಿದ್ದ ವಾಲ್ಟರ್ ಕೌಫ್‌ಮನ್ ಎಂಬ ಸಂಗೀತಗಾರರು ಸಂಯೋಜಿಸಿದ್ದೆಂದು ಪ್ರಸಿದ್ಧವಾದ ಆ ನಾದವು, ಹಬ್ಬವಿರಲಿ ಹುಣ್ಣಿಮೆಯಿರಲಿ, ತಪ್ಪುವಂತಿಲ್ಲ. ದೀಪಾವಳಿಯ ಮುಂಜಾನೆ ಎಣ್ಣೆಸ್ನಾನವನ್ನು ಬಿಟ್ಟು ಬರುವವರಾರು? ಹೆರಿಗೆಗೆ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದವನ ಪಾಳಿಯನ್ನು ಮಾಡುವವರಾರು? ಮೇಲ್ವಿಚಾರಕರು ಪಾಳಿಯ ಪಟ್ಟಿಯನ್ನು ಬರೆಯುವಾಗ ಇದನ್ನೆಲ್ಲ ತೂಗಬೇಕು. ವರ್ಷವರ್ಷವೂ ಒಬ್ಬನ ತಲೆಗೇ ಹಬ್ಬದ ಪಾಳಿ ಬೀಳದಂತೆ ನೋಡಬೇಕು. ಇನ್ನು ಪ್ರಸಾರದ ನಡುವೆ ತಪ್ಪು ನಡೆದರೆ, ಮೊದಲು ಸರಿಪಡಿಸು, ಆಮೇಲೆ ವಿಚಾರಿಸು ಎಂಬುದು ಅವರ ನಿಯಮವಾಗಿದ್ದಿತು. ಗದರಿಸಿಕೊಂಡವನ ಕೈ ನಡುಗುತ್ತದೆ. ನಡುಗುವ ಕೈಯಿಂದ ಎರಡನೆಯ ತಪ್ಪಾಗುತ್ತದೆ. ಉಪಾಧ್ಯಾಯರಾದವರು ಇದನ್ನು ಗಮನಿಸತಕ್ಕದ್ದು.

ಅವರು ಹೇಳಿದ ಒಂದು ಪ್ರಸಂಗವನ್ನು ಇಲ್ಲಿ ಬರೆಯುವುದು ಅವಶ್ಯ. ಅದು ನಡೆದುದು ಬಹಳ ವರ್ಷಗಳ ಹಿಂದೆ, ಬೇರೊಂದು ಊರಿನ ನಿಲಯದಲ್ಲಿ. ವಯೋವೃದ್ಧರಾದ ವಿದ್ವಾಂಸರೊಬ್ಬರು ಭೈರವಿರಾಗವನ್ನು ಹಾಡಲು ಬಂದಿದ್ದರು. ಮೇಜಿನ ಮುಂದೆ ಕುಳಿತವನು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ, ಬುದ್ಧಿವಂತ, ಶ್ರದ್ಧಾವಂತ. ವಿದ್ವಾಂಸರು ಮಂದ್ರಸ್ಥಾಯಿಗಿಳಿದು ಪಿಸುಮಾತಿನಂತೆ ಹಾಡಿದಾಗ ಮಾಪಕದ ಮುಳ್ಳು ಕೆಳಕ್ಕೆ ಬಿದ್ದಿತು. ಹುಡುಗ ಒಡನೆಯೇ ಫೇಡರನ್ನು ಮೇಲಕ್ಕೆ ತಳ್ಳಿದ. ಅವರು ತಾರಕ್ಕೇರಿ ಕಂಠ ತೆರೆದಾಗ ಮುಳ್ಳು ಮೇಲಕ್ಕೆ ಹಾರಿತು, ಫೇಡರನ್ನು ಕೆಳಕ್ಕೆಳೆದ. ಒಂದು ಗಂಟೆಯ ಹಾಡಿನಲ್ಲಿ ಮುಳ್ಳು ಎಲ್ಲಿಯೂ ಗೆರೆ ದಾಟಲಿಲ್ಲ. ನಿಯಮದ ಪ್ರಕಾರ ಅದು ನಿರ್ದುಷ್ಟವಾದ ಧ್ವನಿಮುದ್ರಣ. ವಿದ್ವಾಂಸರು ಅದನ್ನು ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಡಿದವನು ನಾನೇ ಅಪ್ಪಾ; ಆದರೆ ಇದು ನಾನು ಹಾಡಿದ್ದಲ್ಲ" ಎಂದರಂತೆ. ಏರಿಳಿತವೆಲ್ಲ ಹೋಗಿ, ಬೆಟ್ಟವೂ ಕಣಿವೆಯೂ ಬಯಲಾಗಿದ್ದವು.

ಹುಡುಗನ ಕಣ್ಣಲ್ಲಿ ನೀರು. "ಸಾರ್, ಮೀಟರು ಎಲ್ಲಿಯೂ ತಪ್ಪಿಲ್ಲ" ಎಂದ. ಅದು ನಿಜವೇ ಆಗಿತ್ತು. ನನ್ನ ಮಿತ್ರರು ಅವನನ್ನು ದಂಡಿಸಲಿಲ್ಲ. ವಿದ್ವಾಂಸರನ್ನು ಬೇಡಿಕೊಂಡು, ಒಂದು ವಾರ ಪ್ರತಿ ಸಂಜೆಯೂ ಅವರ ಮನೆಯಲ್ಲಿ ಶಿಷ್ಯರ ಪಾಠ ನಡೆಯುವಾಗ ಈ ಹುಡುಗನೂ ಒಂದು ಮೂಲೆಯಲ್ಲಿ ಕುಳಿತು ಕೇಳುವ ಏರ್ಪಾಡು ಮಾಡಿದರು. ಮೈಕಿಲ್ಲ, ಮೇಜಿಲ್ಲ, ಬರಿಯ ಕಿವಿ. ಎಂಟನೆಯ ದಿನ ಮತ್ತೆ ಧ್ವನಿಮುದ್ರಣ. ಈ ಬಾರಿ ಹುಡುಗನು ಅತ್ಯಂತ ಎತ್ತರದ ಸ್ಥಾಯಿ ಮೇರೆಯೊಳಗಿರುವಂತೆ ಮೊದಲೇ ಹದಮಾಡಿಟ್ಟುಕೊಂಡು, ಹಾಡಿನುದ್ದಕ್ಕೂ ಕೈಯನ್ನು ಬಹುಮಟ್ಟಿಗೆ ಮಡಿಲಲ್ಲಿಯೇ ಇಟ್ಟುಕೊಂಡು ಕೇಳುತ್ತಿದ್ದನಂತೆ. "ಕೈ ಯಾವಾಗ ಎತ್ತಬೇಕೆಂಬುದನ್ನು ತಿಂಗಳಲ್ಲಿ ಕಲಿಸಬಹುದು ಮೇಷ್ಟ್ರೇ, ಯಾವಾಗ ಎತ್ತಬಾರದೆಂಬುದಕ್ಕೆ ವರ್ಷಗಳು ಬೇಕು" ಎಂದು ಮಿತ್ರರು ನಕ್ಕರು. ಮಾಪಕವು ಧ್ವನಿಯ ಪ್ರಮಾಣವನ್ನು ಅಳೆಯಬಲ್ಲದು. ಅದು ರಾಗವೋ ಗದ್ದಲವೋ ಎಂಬುದನ್ನು ಅರಿಯದು. ಅದನ್ನರಿಯುವ ಕಿವಿಯೊಂದನ್ನು ತಯಾರಿಸುವುದೇ ಮೇಲ್ವಿಚಾರಕರ ನಿಜವಾದ ಕೆಲಸವೆಂದು ನನಗೆ ಆಗ ಮನದಟ್ಟಾಯಿತು. ಹಾಗೆ ತಯಾರಾದವನ ಕೌಶಲ ಶ್ರೋತೃಗಳಿಗೆ ಕೇಳಿಸುವುದೇ ಇಲ್ಲ. ತಪ್ಪಿದರೆ ಊರಿಗೆಲ್ಲ ಗೊತ್ತಾಗುತ್ತದೆ. ತಪ್ಪದಿದ್ದರೆ ಗಾಯಕರಿಗೆ ಹೊಗಳಿಕೆ ಸಲ್ಲುತ್ತದೆ.

ಈ ಕಿವಿಯ ಬೆಲೆ ಇಂದು ಇನ್ನೂ ಹೆಚ್ಚಿದೆ. ಕಾರಣವನ್ನು ತಿಳಿಯಲು ಹಳೆಯ ಟೇಪುಗಳ ವಿಷಯಕ್ಕೆ ಬರಬೇಕು. ಕಂಪ್ಯೂಟರು ಬರುವುದಕ್ಕೆ ಮೊದಲು ಧ್ವನಿಯನ್ನು ಕಾಲಂಗುಲ ಅಗಲದ ಕಾಂತಪಟ್ಟಿಯ ಮೇಲೆ ಮುದ್ರಿಸುತ್ತಿದ್ದರು. ಆ ಪಟ್ಟಿಯು ಸಾಧಾರಣವಾಗಿ ಸೆಕೆಂಡಿಗೆ ಏಳೂವರೆ ಅಂಗುಲ, ಎಂದರೆ ಸುಮಾರು ೧೯ ಸೆಂಟಿಮೀಟರು, ಓಡುತ್ತಿತ್ತು. ಒಂದು ಹ್ರಸ್ವಾಕ್ಷರಕ್ಕೆ ಸೆಕೆಂಡಿನ ಆರನೆಯ ಒಂದು ಭಾಗವೆಂದಿಟ್ಟುಕೊಂಡರೆ, ಪಟ್ಟಿಯ ಮೇಲೆ ಅದರ ಉದ್ದ ಮೂರು ಸೆಂಟಿಮೀಟರು. ದೀರ್ಘಕ್ಕೆ ಅದರ ಎರಡರಷ್ಟು. ಮಾತ್ರೆಯನ್ನು ಬೆರಳಿನಿಂದ ಅಳೆಯಬಹುದಾದ ಕಾಲ ಅದು! ಭಾಷಣಕಾರರ ಕೆಮ್ಮನ್ನು ತೆಗೆಯಬೇಕಾದರೆ ಪಟ್ಟಿಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಜಾಗವನ್ನು ಹುಡುಕಿ, ಸೀಸದಕಡ್ಡಿಯಿಂದ ಗುರುತುಮಾಡಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸುತ್ತಿದ್ದರು.

ಈ ಪಟ್ಟಿಗಳು ಚಿರಂಜೀವಿಗಳಲ್ಲ. ತೇವಕ್ಕೆ ಅಂಟು ಕರಗಿ ಜಿಗುಟಾಗುತ್ತದೆ, ಲೇಪವು ಉದುರುತ್ತದೆ. ಸುರುಳಿಯಲ್ಲಿ ಒಂದು ಸುತ್ತಿನ ಕಾಂತವು ಪಕ್ಕದ ಸುತ್ತಿಗೆ ತಗುಲಿ, ಮಾತು ಹೊರಡುವ ಮೊದಲೇ ಅದರ ಕ್ಷೀಣವಾದ ಛಾಯೆ ಕೇಳಿಸುವುದೂ ಉಂಟು. ಕಾರಣಕ್ಕಿಂತ ಮೊದಲು ಕಾರ್ಯ ಹುಟ್ಟಿದುದನ್ನು ತಾರ್ಕಿಕರು ಕೇಳಿದ್ದರೆ ಏನೆನ್ನುತ್ತಿದ್ದರೋ! ಆದುದರಿಂದ ಹಳೆಯ ಧ್ವನಿಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಅಗತ್ಯ. ಅಪಾಯವಿರುವುದು ಇಲ್ಲಿಯೇ. ಪಟ್ಟಿಯನ್ನು ಓದುವ ಯಂತ್ರದ ತಲೆಯಲ್ಲಿ ಕೂದಲಿಗಿಂತ ಸೂಕ್ಷ್ಮವಾದ ಸೀಳೊಂದಿದೆ. ಮುದ್ರಿಸಿದಾಗ ಅದು ಪಟ್ಟಿಗೆ ಯಾವ ಕೋನದಲ್ಲಿದ್ದಿತೋ, ಓದುವಾಗಲೂ ಅದೇ ಕೋನದಲ್ಲಿರಬೇಕು. ಎಳ್ಳಷ್ಟು ವಾಲಿದರೂ ಸಕಾರ ಶಕಾರಗಳು ಮೊದಲು ಮಂಕಾಗುತ್ತವೆ. ತಂಬೂರಿಯ ಜೀವಾಳ ಹೋಗುತ್ತದೆ. ಮಾಪಕವನ್ನು ಮಾತ್ರ ನೋಡುವವನಿಗೆ ಧ್ವನಿಯ ಪ್ರಮಾಣ ಸರಿಯಾಗಿಯೇ ಕಾಣುತ್ತದೆ. ಕಿವಿಯುಳ್ಳವನು ಒಂದು ಸಣ್ಣ ತಿರುಪನ್ನು ಹಿಡಿದು, ಸಕಾರವು ಹರಿತವಾಗುವವರೆಗೆ ಕೇಳುತ್ತ ತಿರುಗಿಸುತ್ತಾನೆ. ಹಾಗೆ ಕೇಳದೆ ಅವಸರದಲ್ಲಿ ಇಳಿಸಿಬಿಟ್ಟರೆ, ಮೂಲದ ಪಟ್ಟಿ ಮುಂದೆ ಹಾಳಾದಾಗ ಉಳಿಯುವುದು ಮಂಕಾದ ಪ್ರತಿಯೊಂದೇ. ನಮ್ಮ ಮೊಮ್ಮಕ್ಕಳು ಆ ವಿದ್ವಾಂಸರು ಹಾಡುತ್ತಿದ್ದುದೇ ಹಾಗೆಂದು ತಿಳಿಯುತ್ತಾರೆ. ಲಿಪಿಕಾರನ ತಪ್ಪು ಕವಿಯ ತಪ್ಪಾಗಿ ನಿಲ್ಲುವುದನ್ನು ನಾವು ತಾಳೆಗರಿಯ ಗ್ರಂಥಗಳಲ್ಲಿ ಕಂಡಿಲ್ಲವೆ? ಅಲ್ಲಾದರೂ ಪಾಠಾಂತರಗಳನ್ನು ಹೋಲಿಸಿ ತಿದ್ದಬಹುದು. ಒಮ್ಮೆ ಮಾತ್ರ ಹಾಡಿದ ಹಾಡಿಗೆ ಪಾಠಾಂತರವೆಲ್ಲಿ?

ಈ ವಿದ್ಯೆಯನ್ನು ಬಲ್ಲವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಹೊಸ ಯಂತ್ರಗಳು ಧ್ವನಿಯನ್ನು ತಾವೇ ಸಮಮಾಡುತ್ತವೆ. ಮೂವರ ಕೆಲಸವನ್ನು ಒಬ್ಬರು ನಡೆಸುತ್ತಾರೆ. ಇದರಿಂದ ಅನುಕೂಲವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಮೂವರಿದ್ದಾಗ ಕಿರಿಯನು ಹಿರಿಯನ ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದನು. ಒಬ್ಬನೇ ಇದ್ದರೆ ಯಾರಿಂದ ಕಲಿಯಬೇಕು? ಶಿಕ್ಷಾಶಾಸ್ತ್ರವು ಪುಸ್ತಕದಲ್ಲಿದ್ದರೂ ಉಚ್ಚಾರಣೆಯನ್ನು ಗುರುಮುಖದಿಂದಲೇ ಕಲಿಯಬೇಕೆಂದು ನಮ್ಮ ಹಿರಿಯರು ಹಟ ಹಿಡಿದುದು ಇದಕ್ಕಾಗಿಯೇ. ನಿವೃತ್ತರಾದ ಇಂತಹವರನ್ನು ಕರೆಸಿ, ಹಳೆಯ ಪಟ್ಟಿಗಳ ಮುಂದೆ ಒಂದೆರಡು ವರ್ಷ ಕಿರಿಯರೊಡನೆ ಕೂರಿಸಿದರೆ ಆಗುವ ಖರ್ಚು ಅಲ್ಪ. ಕೂರಿಸದಿದ್ದರೆ ಆಗುವ ನಷ್ಟವನ್ನು ಆಮೇಲೆ ಹಣದಿಂದ ತುಂಬಲಾಗದು.

ಗೃಹಸ್ಥರಾದ ನಮಗೂ ಇದರಲ್ಲಿ ಒಂದು ಪಾಠವುಂಟು. ನಮ್ಮಲ್ಲಿ ಹಲವರ ಮನೆಯ ಬೀರುವಿನಲ್ಲಿ ತಾತನ ಮಾತು, ಅಜ್ಜಿಯ ಸೋಬಾನೆ, ಮಗುವಿನ ತೊದಲು ಇವುಗಳಿರುವ ಕ್ಯಾಸೆಟ್ಟುಗಳು ಧೂಳು ಹಿಡಿದಿವೆ. ಅವನ್ನು ಅಡಿಗೆಮನೆಯ ಶಾಖದಿಂದಲೂ, ಗೋಡೆಯ ತೇವದಿಂದಲೂ, ದೊಡ್ಡ ಸ್ಪೀಕರುಗಳ ಅಯಸ್ಕಾಂತದಿಂದಲೂ ದೂರವಿರಿಸತಕ್ಕದ್ದು. ಬಲ್ಲವರಿಂದ ಬೇಗನೆ ಪ್ರತಿ ಮಾಡಿಸತಕ್ಕದ್ದು. ಪ್ರತಿಯಾದ ಮೇಲೆ ಮೂಲವನ್ನು ಎಸೆಯದೆ, ಅಜ್ಜಿಯ ಕಂಠವನ್ನು ಬಲ್ಲ ಮನೆಯವರೊಬ್ಬರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿ, ಇದು ಆಕೆಯ ಧ್ವನಿಯೇ ಹೌದೆಂದು ನಿಶ್ಚಯಿಸಿಕೊಳ್ಳಬೇಕು. ಹಾಗೆ ಕೇಳುವಾಗ ಮನೆಯ ಮಕ್ಕಳನ್ನೂ ಜೊತೆಯಲ್ಲಿ ಕೂರಿಸಿಕೊಳ್ಳುವುದು ಒಳ್ಳೆಯದು.